ಬಾಗದೆ ನಿಂತ ಅತಿಥಿ

ಪರದೇಶದ ಊರಾದ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವ ಲಿಯಾಂಗ್, ತೀರಿಹೋದ ತಂದೆಯ ಸ್ಮರಣೆಯ ದಿನ ಸುಹೈಲ್ ಮತ್ತು ರೂಹಿ ದಂಪತಿಯನ್ನು ಊಟಕ್ಕೆ ಕರೆದಿದ್ದ. ಹೋಗಿ ನೋಡಿದರೆ ಮನೆಯವರೆಲ್ಲ ಊದುಬತ್ತಿ ಹಿಡಿದು ಹಿರಿಯರ ಪಟಕ್ಕೆ ತಲೆಬಾಗುತ್ತಿದ್ದರು. ಸುಹೈಲನಿಗೆ ಇಕ್ಕಟ್ಟಾಯಿತು. ಅಲ್ಲಾಹನಿಗಲ್ಲದೆ ಅವನು ಬಾಗುವವನಲ್ಲ. ಬಾಗದಿದ್ದರೆ ಗೆಳೆಯನ ಮನಸ್ಸು ನೋಯುತ್ತದೆ.

"ಒದ್ದಾಡ್ಬೇಡ್ರೀ, ಕೇಳ್ಬಿಡಿ. ಎಲ್ಲದಕ್ಕೂ ಟ್ಯಾಕ್ಸ್ ಹಾಕೋ ಈ ದೇಶದಲ್ಲೂ ಕೇಳೋಕೆ ಟ್ಯಾಕ್ಸ್ ಇಲ್ಲ," ಎಂದು ರೂಹಿ ಪಿಸುಗುಟ್ಟಿದಳು.

"ನಾನು ಬಾಗದೆ ನಿಂತ್ರೆ ತಪ್ಪಾಗತ್ತಾ?" ಎಂದು ಸುಹೈಲ್ ಕೇಳಿಯೇಬಿಟ್ಟ.

ಲಿಯಾಂಗ್ ನಕ್ಕ. "ಗುಡಿಗೆ ಹೋದ್ರೆ ನಮ್ಮ ಗುರು ಕನ್‌ಫ್ಯೂಷಿಯಸ್ ಪ್ರತಿಯೊಂದನ್ನೂ ಕೇಳ್ತಿದ್ರಂತೆ. ಇವ್ರಿಗೇನೂ ಗೊತ್ತಿಲ್ಲ ಅಂತ ಜನ ಆಡ್ಕೊಂಡಾಗ, ಹೀಗೆ ಕೇಳೋದೇ ಆಚಾರ ಅಂದ್ರಂತೆ. ನೀನು ಕೇಳಿದೆಯಲ್ಲ, ಸಾಕು."

ಸುಹೈಲ್ ನೆಟ್ಟಗೆ ನಿಂತೇ, "ಹಾಗಾದ್ರೆ ಹೇಳು, ನಿಮ್ಮಪ್ಪ ಎಂಥವರು?" ಎಂದ. ಲಿಯಾಂಗ್ ಊಟ ಬಡಿಸುವುದನ್ನೂ ಮರೆತು ಹೇಳತೊಡಗಿದ.