ಬಸ್ಸಿನಲ್ಲಿ ಉಕ್ಕಿದ ಬಾವಿ

ವೇದಾವತಿಯವರ ಜಾಡಿ ಈ ಸಲವೂ ಉಸಿರೆತ್ತಲಿಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಹುಚ್ಚು ಇದು: ಶುಂಠಿಯನ್ನು ಸಕ್ಕರೆ ನೀರಿನಲ್ಲಿ ಹುಳಿ ಬರಿಸಿ, ನೊರೆಯುಕ್ಕುವ ಪಾನಕ ಮಾಡಬೇಕು. ಶಿವಮೊಗ್ಗದ ಮನೆಯಲ್ಲಿ ದಿನವೂ ಬೆಳಿಗ್ಗೆ ಜಾಡಿಯ ಬಟ್ಟೆ ಸರಿಸಿ ಕಿವಿಯಿಟ್ಟು ಕೇಳುತ್ತಿದ್ದರು. ಗುಳ್ಳೆಯಿಲ್ಲ, ಗುಸುಗುಸು ಇಲ್ಲ.

"ನಲ್ಲಿ ನೀರಿಗೆ ಕ್ಲೋರಿನ್ ಹಾಕಿರ್ತಾರಲ್ಲಮ್ಮ, ಹುಳಿ ಬರ್ಸೋ ಜೀವ ಎಲ್ಲಿ ಬದುಕ್ತದೆ?" ಎಂದಳು ಪಕ್ಕದ ಮನೆಯ ವಜೀರಾ. "ಜನ್ನಾಪುರದಲ್ಲಿ ನನ್ನ ತಮ್ಮನ ಮನೆ ಬಾವಿ ಇದೆ. ನಡೀರಿ ಭದ್ರಾವತಿಗೆ."

ಅಲ್ಲಿ ತಮ್ಮನ ಹೆಂಡತಿ ನೌರೀನ್ ಬಾವಿಯಿಂದ ಕೊಡ ಸೇದಿ, ಇವರು ಶುಂಠಿ ಸಕ್ಕರೆ ಹಾಕಿ ಒಯ್ದಿದ್ದ ಜಾಡಿಗೆ ಸುರಿದಳು. ಕಾಯಿಸದ ನೀರೆಂದು ವೇದಾವತಿ ಹಿಂಜರಿದಾಗ, "ಮನೇಲೆಲ್ಲ ಇದನ್ನೇ ಕುಡಿಯೋದು. ಹೋದ ತಿಂಗ್ಳು ಲ್ಯಾಬಲ್ಲಿ ಟೆಸ್ಟೂ ಮಾಡ್ಸಿದ್ವಿ," ಎಂದು ನಕ್ಕಳು. ಜಾಡಿ ಅಲ್ಲೇ ಉಳಿಯಿತು. ವಾರದೊಳಗೆ ಅವಳ ಫೋನು ಬಂತು: "ಆಂಟೀ, ನಿಮ್ಮ ಶುಂಠಿ ಮಾತಾಡ್ತಾ ಇದೆ!"

ಮುಂದಿನ ಸಲ ಹೋದಾಗ ಪಾನಕ ಬಾಟಲಿಗಳಲ್ಲಿ ತುಂಬಿ, ಬೆಂಡಿನ ಬಿರಡೆ ಜಡಿಸಿಕೊಂಡು ಸಿದ್ಧವಾಗಿತ್ತು.

"ಇದ್ರಲ್ಲಿ ಅಮಲು ಗಿಮಲು ಇಲ್ಲ ತಾನೆ?" ಎಂದು ವೇದಾವತಿಯೂ ವಜೀರಾಳೂ ಒಟ್ಟಿಗೇ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಡ್ಲಿ ಹಿಟ್ಟಲ್ಲಿ ಎಷ್ಟಿದೆಯೋ ಅಷ್ಟೇ," ಎಂದಳು ನೌರೀನ್.

ಮಟಮಟ ಮಧ್ಯಾಹ್ನ. ಶಿವಮೊಗ್ಗದ ಬಸ್ಸು ಕಿಕ್ಕಿರಿದಿತ್ತು. ಬಾಟಲಿಗಳ ಚೀಲ ವೇದಾವತಿಯವರ ತೊಡೆಯ ಮೇಲೆ. ರಸ್ತೆಯ ಗುಂಡಿಗಳು ಬಸ್ಸನ್ನು ಮೊರದಲ್ಲಿ ಅಕ್ಕಿ ಕೇರಿದಂತೆ ಕೇರಿದವು. ಚೀಲದೊಳಗಿಂದ ಸಣ್ಣಗೆ ಸಿಳ್ಳೆ ಕೇಳಿಸಿತು.

ಢಂ!

ಡ್ರೈವರ್ ಮೂರ್ತಪ್ಪ ಗಕ್ಕನೆ ಬ್ರೇಕ್ ಹಾಕಿ ಇಳಿದ. ಟೈರುಗಳನ್ನೆಲ್ಲ ಒದ್ದು ನೋಡಿ, ತಲೆ ಕೆರೆದುಕೊಂಡು ಹತ್ತಿದ. ಗೇರ್ ಹಾಕಿದನೋ ಇಲ್ಲವೋ, ಮತ್ತೊಮ್ಮೆ ಢಂ! ಈ ಬಾರಿ ಬಿರಡೆ ಸೂರಿಗೆ ಬಡಿದು, ನಿದ್ದೆಯಲ್ಲಿದ್ದ ಏಕಾಂತಪ್ಪನೆಂಬ ಮುದುಕನ ಜುಬ್ಬಾದೊಳಗೆ ಬಿತ್ತು. ಅವನು "ಹಲ್ಲಿ! ಹಲ್ಲಿ!" ಎಂದು ಕುಣಿಯತೊಡಗಿದ.

"ಟೈರಲ್ಲ ಮಾರಾಯ, ಟೀಚರ್ ಚೀಲ!" ಎಂದು ವೇದಾವತಿಯವರ ಹಳೆಯ ಶಿಷ್ಯನೇ ಆಗಿದ್ದ ಕಂಡಕ್ಟರ್ ಕೂಗಿದ.

ನೊರೆ ಉಕ್ಕಿ ವೇದಾವತಿಯವರ ಸೀರೆ, ಕನ್ನಡಕ, ಮೂಗಿನ ತುದಿಯೆಲ್ಲ ಒದ್ದೆ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅಂದುಕೊಂಡರು. ಅಷ್ಟರಲ್ಲಿ ತುಟಿಗೆ ಒಂದು ಹನಿ ಸೋಕಿತು. ಖಾರ, ಸಿಹಿ, ಹುಳಿ, ನಾಲಿಗೆಯ ಮೇಲೆ ಚಿಟಿಚಿಟಿ. "ವಜೀರಾ, ಬಂದಿದೆ ಕಣೇ!" ಎಂದು ಕಿರುಚಿಯೇಬಿಟ್ಟರು.

"ಸುಮ್ನೆ ಚೆಲ್ಲಿ ಹೋಗ್ತಿದೆ, ಹಿಡೀರಿ!" ಎಂದಳು ವಜೀರಾ. ನೀರಿನ ಬಾಟಲಿಯ ಮುಚ್ಚಳ, ಸ್ಟೀಲ್ ಡಬ್ಬಿ, ಬರಿಯ ಬೊಗಸೆ, ಕೈಗೆ ಸಿಕ್ಕಿದ್ದೆಲ್ಲ ಮುಂದೆ ಬಂತು. ಹಲ್ಲಿಯ ಏಕಾಂತಪ್ಪ ಎರಡು ಸಲ ಬೊಗಸೆಯೊಡ್ಡಿದ. ತೇಗಿದವರನ್ನು ಕಂಡು ನಕ್ಕರು, ನಕ್ಕವರು ತೇಗಿದರು. ಮೂರ್ತಪ್ಪನೂ ಕೈ ಚಾಚಿದ.

"ನಿಂಗಿಲ್ಲ. ಇಡ್ಲಿ ಹಿಟ್ಟಿನಷ್ಟು ಅಮಲಿದೆ, ನೀನು ಡ್ಯೂಟಿ ಮೇಲಿದ್ದೀಯ," ಎಂದು ವೇದಾವತಿ ಹಳೆಯ ತರಗತಿಯ ದನಿಯಲ್ಲಿ ಗದರಿದರು. ಅವನು ಮುಖ ಊದಿಸಿಕೊಂಡು ಹಾರ್ನ್ ಬಾರಿಸುತ್ತ ಹೊರಟ.

ಶಿವಮೊಗ್ಗ ತಲುಪುವ ಹೊತ್ತಿಗೆ ಚೀಲದಲ್ಲಿದ್ದದ್ದು ಖಾಲಿ ಬಾಟಲಿಗಳು ಮಾತ್ರ. ನಕ್ಕು ನಕ್ಕು ಇಳಿಯಬೇಕಾದ ಸ್ಟಾಪೂ ದಾಟಿಹೋಗಿ, ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದರು. ಮೈಯೆಲ್ಲ ಅಂಟಂಟು. ವಜೀರಾ ಪಕ್ಕೆ ಹಿಡಿದುಕೊಂಡು, "ಮನೆಗೆ ಏನು ತಗೊಂಡು ಹೋಗೋದಮ್ಮ ಈಗ?" ಎಂದಳು.

ವೇದಾವತಿ ಕನ್ನಡಕ ಒರೆಸಿಕೊಂಡು ಮೂರ್ತಪ್ಪನತ್ತ ತಿರುಗಿದರು.

"ಈ ಬಸ್ಸು ವಾಪಸ್ ಭದ್ರಾವತಿಗೆ ಎಷ್ಟೊತ್ತಿಗಪ್ಪ?"

"ಈಗ್ಲೇ, ಟೀಚರ್."

ಅವರು ವಜೀರಾಳ ಕೈಹಿಡಿದು ಎಳೆದುಕೊಂಡು ಮತ್ತೆ ಮೆಟ್ಟಿಲು ಹತ್ತಿದರು.