ಎಡಗಡೆಯ ಗಾಜು

ವಾಚು ರಿಪೇರಿಯವರ ಕತ್ತು ಎಡಕ್ಕೆ ಹೊರಳುತ್ತಿರಲಿಲ್ಲ. ನಲವತ್ತು ವರ್ಷ ದೀಪದಡಿ ಬಗ್ಗಿ ಕೂತದ್ದರ ಫಲ. ಹಾಗಾಗಿ ಕಾರು ಕೊಂಡ ದಿನದಿಂದಲೂ ಎಡಗಡೆಯ ಉಸ್ತುವಾರಿ ಹೆಂಡತಿಯದು. ಆ ಬದಿಯ ಕನ್ನಡಿಯನ್ನು ಆಕೆ ತನಗೆ ಕಾಣುವಂತೆ ತಿರುಗಿಸಿಕೊಂಡಿದ್ದಳು. ಇವರು "ಬರ್ಲಾ?" ಎನ್ನಬೇಕು, ಆಕೆ "ಖಾಲಿ ಇದೆ, ಬನ್ನಿ" ಎಂದೋ "ನಿಲ್ಲಿ" ಎಂದೋ ಹೇಳಬೇಕು.

ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಇವರು ಕನ್ನಡಿ ಮುಟ್ಟಿರಲಿಲ್ಲ. ಅದರಲ್ಲಿ ಇವರಿಗೆ ಕಾಣುತ್ತಿದ್ದುದು ಓಡುವ ಗೋಡೆಗಳಷ್ಟೇ. ಆದರೂ ಓಡಿಸುತ್ತಿದ್ದರು. ಯಾಕೆಂದರೆ, "ಬರ್ಲಾ?" ಎಂದರೆ ಈಗಲೂ ಉತ್ತರ ಬರುತ್ತಿತ್ತು. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೋದ ವಾರ ಮಾತ್ರ "ನಿಲ್ಲಿ" ಎಂಬುದು ತಡವಾಗಿ ಕೇಳಿಸಿತು, ಸೈಕಲ್ಲಿನ ಹುಡುಗಿ ಬಾಗಿಲಿಗೆ ತಾಗಿ ಮೊಣಕೈ ತರಚಿಕೊಂಡ ಮೇಲೆ.

"ವೈಡ್ ಆಂಗಲ್ ಕನ್ನಡಿ ಹಾಕಿಸಿ, ಇಲ್ಲಾ ಕೀ ನನ್ನ ಕೈಗೆ ಕೊಡಿ" ಎಂದು ಮಗಳು ಕಡ್ಡಿ ಮುರಿದಂತೆ ಹೇಳಿದಳು. ಕಾರಿನ ಸಾಮಾನಿನ ಅಂಗಡಿಗೆ ತಾನೂ ಬಂದಳು, ಹಿಂದಿನ ಸೀಟಿನಲ್ಲಿ. ಮುಂದೆ ಕೂತರೆ ಅಪ್ಪ ಮುಖ ಗಂಟು ಹಾಕಿಕೊಳ್ಳುತ್ತಾರೆಂದು ಅವಳಿಗೆ ಗೊತ್ತು.

ಅಂಗಡಿಯವನು ಉಬ್ಬುಗಾಜೊಂದನ್ನು ಎತ್ತಿ ಹಿಡಿದ. "ಇಡೀ ಬೀದಿ ಕಾಣುತ್ತೆ ಸ್ವಾಮಿ. ಆದ್ರೆ ಹತ್ತಿರ ಇರೋದೆಲ್ಲ ದೂರ ಇದ್ದಂಗೆ ಕಾಣುತ್ತೆ. ನಮ್ಮ ಮಾವನ ಮನೆಯಿಂದ ಹೊರಡೋಕೆ ಹೇಳಿ ಮಾಡಿಸಿದ ಗಾಜು. ಹಳೇದು ಕೀಳ್ಲಾ?"

"ಬೇಡ." ಅವರು ಬೊಟ್ಟಿನಷ್ಟಗಲದ ದುಂಡು ಕನ್ನಡಿಯೊಂದನ್ನು ಆರಿಸಿದರು. "ಇದನ್ನ ಮೂಲೇಲಿ ಅಂಟಿಸಿ, ನನಗೆ ಕಾಣೋ ಹಾಗೆ. ಗಾಜು ಇದ್ದ ಹಾಗೇ ಇರಲಿ."

"ಹಳೇದು ಪಕ್ಕದ ಸೀಟಿನ ಕಡೆ ತಿರುಗಿದೆ, ಅದ್ರಲ್ಲಿ ನಿಮಗೇನೂ ಕಾಣಲ್ವಲ್ಲ?"

"ನನಗಲ್ಲ."

ಅವನು ಮಗಳತ್ತ ನೋಡಿದ. ಮಗಳು ನೆಲ ನೋಡಿದಳು.

ಅಂಗಡಿಯಿಂದ ಬೀದಿಗಿಳಿಯುವಾಗ ದುಂಡು ಗಾಜಿನಲ್ಲಿ ತಳ್ಳುಗಾಡಿಯೊಂದು ಮೂಡಿತು. ಅವರು ಬ್ರೇಕು ಒತ್ತಿದರು. ಆಮೇಲೆ, ಪಕ್ಕದಿಂದ, ಏದುಸಿರಿನಲ್ಲಿ ಬಂತು: "ನಿಲ್ಲಿ."

"ನೋಡ್ದೆ ಕಣೇ. ನಿಂತಿದೀನಿ."

"ಯಾರ ಹತ್ರ ಅಪ್ಪಾ?"

 ತಳ್ಳುಗಾಡಿ ದಾಟಿಹೋಯಿತು.

"ಬರ್ಲಾ?" ಎಂದರು.

ಕಾದರು. ಹಳೆಯ ಗಾಜಿನಲ್ಲಿ ಗೋಡೆ ನಿಂತಲ್ಲೇ ನಿಂತಿತ್ತು. ಇನ್ನೊಮ್ಮೆ, ಮೆಲ್ಲಗೆ, ಕೇಳಿದರು. ಹಿಂದೆ ಯಾರೋ ಹಾರನ್ ಒತ್ತಿದರು. ದುಂಡು ಗಾಜಿನಲ್ಲಿ ಎಡಗಡೆಯ ಬೀದಿ ಬರಿದಾಗಿತ್ತು.

"ಖಾಲಿ ಇದೆ" ಎಂದು ತಾವೇ ಹೇಳಿ, ಕ್ಲಚ್ಚು ಬಿಟ್ಟರು.