ಮೂರು ಖಾಲಿ ಚೌಕ

ಅಯ್ಯೋ, ಗೆರೆ ಬಿದ್ದೇ ಹೋಯಿತಲ್ಲ, ಇಷ್ಟು ಹೊತ್ತು ಮೆಲ್ಲಗೆ ಏರುತ್ತಿದ್ದ ನೀಲಿ ಗೆರೆ ಇದ್ದಕ್ಕಿದ್ದ ಹಾಗೆ ತಳಕ್ಕೆ, ಸೊನ್ನೆಗೆ, ಮೂರು ದಿನ ನೆಲಕ್ಕಂಟಿಕೊಂಡು ಮಲಗಿ ಆಮೇಲೆ ಏನೂ ಆಗದವರ ಹಾಗೆ ಮೈ ಕೊಡವಿಕೊಂಡು ಎದ್ದು ಹೊರಟಿದೆ — ಸೊನ್ನೆ ಕಿಲೋ ತೂಗುವ ಮಗು ಎಲ್ಲಾದರೂ ಉಂಟೇ, ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ಮಗಳು ಅವಳಪ್ಪನ ಒಂದು ಅಂಗೈಯಲ್ಲಿ ಹಿಡಿಸುತ್ತಿದ್ದಳು ನಿಜ, ಆದರೂ ಸೊನ್ನೆ ಅಂದರೆ, ಥೂ, ಬಿಡ್ತು ಅನ್ನು, ಬೆಳಗ್ಗೆ ಬೆಳಗ್ಗೆ — ತೊಡೆಯ ಮೇಲೆ ಲ್ಯಾಪ್‌ಟಾಪು ಬೆಚ್ಚಗಿದೆ, ಆಸ್ಪತ್ರೆಯ ಬೆಂಚು ತಣ್ಣಗಿದೆ, ಪಕ್ಕದಲ್ಲಿ ಇವರು, ನನ್ನ ಯಜಮಾನರು, ಕೂತಲ್ಲೇ ತೂಕಡಿಸುತ್ತಾ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದಾರೆ, ಡ್ರೈವಿಂಗ್ ಕಲಿಸುವವರ ನಿದ್ದೆಯೇ ಹಾಗೆ, ಕನಸಿನಲ್ಲೂ ಯಾರೋ ಗೋಡೆಗೆ ಗುದ್ದಲು ಹೊರಟಿರುತ್ತಾರೆ — ಇವತ್ತು ಎರಡು ಕಿಲೋ ಮುಟ್ಟಿದರೆ ಮನೆಗೆ, ಇಲ್ಲದಿದ್ದರೆ ಇನ್ನೂ ಒಂದು ವಾರ ಇಲ್ಲೇ, ಅಂತ ಡಾಕ್ಟರು ಹೇಳಿದ್ದಾರೆ, ನಿನ್ನೆ ಚಿಟಿಕೆಯಷ್ಟು ಕಡಿಮೆ ಬಿತ್ತು, ಈಗ ಹಾಲು ಕುಡಿದು ಮಲಗಿದ್ದಾಳೆ, ಎದ್ದ ಮೇಲೆ ತೂಗುತ್ತಾರೆ, ಅಲ್ಲಿಯವರೆಗೆ ಏನು ಮಾಡಲಿ, ಉಗುರು ಕಚ್ಚಲು ಉಗುರೂ ಉಳಿದಿಲ್ಲ, ಅದಕ್ಕೇ ಈ ಗ್ರಾಫು — ನೀನು ಆಫೀಸಲ್ಲಿ ಗ್ರಾಫ್ ಮಾಡ್ತೀಯಂತಲ್ಲ, ನಿನ್ ಮಗಳದ್ದೂ ಒಂದು ಮಾಡ್ಕೊಡು, ಗೋಡೆಗೆ ಅಂಟಿಸ್ತೀನಿ, ಹೊಸದಾಗಿ ಬರೋ ಅಮ್ಮಂದಿರು ನೋಡಿದ್ರೆ ಅಳು ನಿಲ್ಲಿಸ್ಬೇಕು, ಅಂದರು ದೊಡ್ಡ ಸಿಸ್ಟರ್, ವಾರ್ಡಿನ ಕಂಪ್ಯೂಟರಿನಿಂದ ದಿನದಿನದ ತೂಕ ತೆಗೆದೂ ಕೊಟ್ಟರು, ಸಿಸ್ಟರ್ ಹೇಳಿದ ಮೇಲೆ ಇಲ್ಲ ಅನ್ನುವ ಗಂಡಸು ಹೆಂಗಸು ಈ ಮಹಡಿಯಲ್ಲಿ ಇಲ್ಲ — ಈ ಗೆರೆ ನೋಡಿದರೆ ಅಳು ನಿಲ್ಲುವುದಿರಲಿ, ನಗುತ್ತಾ ಬಂದವರೂ ಕುಸಿದು ಕೂತಾರು — ಆ, ಗೊತ್ತಾಯಿತು, ಗ್ರಾಮನ್ನು ಕಿಲೋ ಮಾಡಲು ಪಕ್ಕದ ಕಾಲಮ್ಮಿನಲ್ಲಿ ಸಾವಿರದಿಂದ ಭಾಗಿಸಿದ್ದೆನಲ್ಲ, ಆ ಮೂರು ದಿನದ ಚೌಕಗಳಲ್ಲಿ ಏನೂ ಬರೆದಿಲ್ಲ, ಏನೂ ಇಲ್ಲದ್ದನ್ನು ಭಾಗಿಸಿದರೆ ಸೊನ್ನೆ ಅಂತ ಇದು ತಾನೇ ತೀರ್ಮಾನಿಸಿಬಿಟ್ಟಿದೆ, ಮಹಾ ಬುದ್ಧಿವಂತ, ಸೊನ್ನೆ ಅಂದರೆ ತೂಗಿದೆವು ಏನೂ ಇರಲಿಲ್ಲ ಅಂತ, ಖಾಲಿ ಅಂದರೆ ತೂಗಲೇ ಇಲ್ಲ ಅಂತ, ಅಷ್ಟೂ ತಿಳಿಯದೇ — ಅಳಿಸಿದೆ, ಮೂರೂ ಸೊನ್ನೆ ಮಾಯ, ಎದೆ ಹಗುರಾಯಿತು, ಈಗ ಪರದೆಯ ಮೇಲೆ ಒಂದು ಪುಟ್ಟ ಕಿಟಕಿ ತೆರೆದು ಕೇಳುತ್ತಿದೆ, ಕೈಕಟ್ಟಿ ನಿಂತು ಕೇಳಿದ ಹಾಗೆ, ಖಾಲಿ ಇದ್ದಲ್ಲಿ ಜಾಗ ಬಿಡಲೋ, ಸೊನ್ನೆ ಅಂದುಕೊಳ್ಳಲೋ, ಆಚೆ ಈಚೆಯ ಚುಕ್ಕೆಗಳಿಗೆ ಗೆರೆ ಎಳೆದು ಸೇರಿಸಲೋ — ಖಾಲಿ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣತ್ತಮ್ಮ, ಸೇರಿಸಿಬಿಡು, ಯಾರ್ ಕೇಳ್ತಾರೆ, ಇದು ನಮ್ಮ ಆಫೀಸಿನ ಮ್ಯಾನೇಜರು ಯಾವಾಗಲೂ ಹೇಳುವ ಮಾತು, ಅಲ್ಲಿ ನಾನು ಮಾಡುವ ಗ್ರಾಫಿನಲ್ಲಿ ನೀರಿನ ಮೀಟರು ಕೆಟ್ಟ ದಿನಗಳಿಗೆಲ್ಲ ಅವರದು ಇದೇ ಮದ್ದು — ಸೇರಿಸಿ ನೋಡಿದೆ, ಆಹಾ, ಎಷ್ಟು ಚೆಂದ, ಜಾರುಬಂಡೆಯಷ್ಟು ನುಣುಪು, ನೋಡಿದವರು ಈ ಮಗುವಿಗೆ ಒಂದು ಸೀನೂ ಬಂದಿರಲಿಲ್ಲ ಅಂದುಕೊಳ್ಳಬೇಕು.

ಆದರೆ ಬಂದಿತ್ತು, ಸೀನಲ್ಲ, ಉಸಿರೇ ಸಿಗದೆ ಒದ್ದಾಡಿದ್ದಳು, ಗಾಜಿನ ಪೆಟ್ಟಿಗೆಯೊಳಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು, ಎತ್ತಿ ತೂಗುವ ಹಾಗಿರಲಿಲ್ಲ, ಅದಕ್ಕೇ ಚೌಕ ಖಾಲಿ, ಮತ್ತು ನಾನು, ನಾನೆಲ್ಲಿದ್ದೆ, ಮೇಲಿನ ಮಹಡಿಯಲ್ಲಿ ಜ್ವರದಲ್ಲಿ ಬೇಯುತ್ತಾ, ಸೋಂಕು ತಗಲೀತು ಅಂತ ಮಗುವಿನ ಹತ್ತಿರ ಬಿಡಲಿಲ್ಲ, ಛಾವಣಿಯ ಫ್ಯಾನು ಎರಡಾಗಿ ಮೂರಾಗಿ ಕಾಣುತ್ತಿತ್ತು, ಹೇಗಿದ್ದಾಳೆ ಅಂದರೆ ಇವರು ಬಂದು ಚೆನ್ನಾಗಿದ್ದಾಳೆ ಅನ್ನುತ್ತಿದ್ದರು, ಬರೀ ಚೆನ್ನಾಗಿದ್ದಾಳೆ, ಮಳೆ ಬಂತೇ ಅಂದರೆ ಬಂತು ಅಂದ ಹಾಗೆ — ನನ್ನೊಳಗೂ ಆ ಮೂರು ಚೌಕ ಹಾಗೇ ಖಾಲಿ — ರೀ, ಎದ್ದೇಳಿ, ರೀ, ಅಂತ ಮೊಣಕೈಯಲ್ಲಿ ತಿವಿದೆ, ಬ್ರೇಕು ಒತ್ತಿ ಎಚ್ಚರಾದರು, ಏನಾಯ್ತು, ಎಷ್ಟ್ ಬಂತು, ಇನ್ನೂ ತೂಗಿಲ್ಲ ಕೂತ್ಕೊಳ್ಳಿ, ಈ ಮೂರು ದಿನ ನೀವು ಒಳಗೆ ಏನ್ ಮಾಡ್ತಿದ್ರಿ — ಮುಖ ಆಚೆ ತಿರುಗಿಸಿದರು, ಕಿವಿ ಕೆಂಪಾಯಿತು, ಏನ್ ಮಾಡ್ಲಿ, ಕೂತಿದ್ದೆ, ಸುಮ್ನೆ ಕೂರೋ ಪೈಕಿ ನೀವಲ್ಲ, ಹೇಳಿ, ನಗ್ಬಾರ್ದು, ನಗಲ್ಲ, ಆಣೆ ಮಾಡು, ಅಯ್ಯೋ ಹೇಳ್ರೀ — ಆ ಪೆಟ್ಟಿಗೆಗೆ ದುಂಡಗೆ ಕಿಂಡಿ ಇದೆಯಲ್ಲ, ಅದ್ರೊಳಗೆ ಕೈ ಹಾಕ್ಬಹುದು ಅಂದ್ರು ಸಿಸ್ಟರ್, ಹಾಕ್ದೆ, ಕಿರುಬೆರಳು ಹಿಡ್ಕೊಂಡ್ಳು ಕಣೇ, ಬಿಡ್ಲೇ ಇಲ್ಲ, ಬಾತ್‌ರೂಮಿಗೆ ಹೋಗೋಕೂ ಪರ್ಮಿಷನ್ ಇಲ್ಲ, ಏನಾದ್ರೂ ಮಾತಾಡಿ, ದನಿ ಕೇಳಿದ್ರೆ ಒಳ್ಳೇದು ಅಂದ್ರು, ನಂಗೆ ಜೋಗುಳ ಎಲ್ಲಿ ಬರುತ್ತೆ — ಮತ್ತೇನು ಮಾತಾಡಿದ್ರಿ — ನಂಗೆ ಗೊತ್ತಿರೋದು ಒಂದೇ ತಾನೆ, ಕ್ಲಚ್ ಪೂರ್ತಿ ಒತ್ತು ಪುಟ್ಟಿ, ಫಸ್ಟ್ ಗೇರ್ ಹಾಕು, ಈಗ ನಿಧಾನ ಬಿಡು, ನಿಧಾನ, ಗಾಬರಿ ಬೇಡ, ಹಿಂದಿನವ್ರು ಹಾರ್ನ್ ಹೊಡೀಲಿ ಬಿಡು, ರೋಡು ಅವರಪ್ಪಂದಲ್ಲ — ನಕ್ಕುಬಿಟ್ಟೆ, ಆಣೆ ಗೀಣೆ ಎಲ್ಲ ಮುರಿದು ಬಿತ್ತು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು, ಮೂರು ದಿನವೂ ಅದೇನಾ, ಮೂರು ದಿನವೂ, ರಿವರ್ಸ್ ತೆಗೆಯೋದು ಕೂಡ ಹೇಳ್ಕೊಟ್ಟೆ, ಪಕ್ಕದ ಪೆಟ್ಟಿಗೆ ಮಗೂನೂ ಕಲ್ತಿರುತ್ತೆ, ಆಮೇಲೆ ಮೂರನೇ ದಿನ ಸಂಜೆ ನಳಿಕೆ ತೆಗೆದ್ರು, ಒಂದ್ಸಲ ಗಡಗಡ ಅಂದ್ಳು, ನಾನು ಕಾಲು ಒತ್ಕೊಂಡು ನಿಂತಿದ್ದೆ, ಆಫ್ ಆಗ್ಲಿಲ್ಲ ಕಣೇ, ಗಾಡಿ ಹೊರಟೇ ಹೋಯ್ತು — ಇವರು ಕೆಮ್ಮಿದರು, ಯಾಕೆ ಇಷ್ಟು ದಿನ ಹೇಳಲಿಲ್ಲ ಅಂದರೆ ನೀನು ನಗ್ತೀಯ ಅಂತ, ಅಂದರು.

ಒಬ್ಬಳು ಹುಡುಗಿ ಬಂದು ಬೆಂಚಿನ ತುದಿಗೆ ಕೂತಳು, ಹುಡುಗಿಯಲ್ಲ, ತಾಯಿ, ಕೈಯಲ್ಲಿ ಇನ್ನೂ ಸೂಜಿಯ ಪಟ್ಟಿ, ನಿನ್ನೆಯಷ್ಟೇ ಒಳಗೆ ಹೋಗಿದೆ ಅವಳ ಮಗು, ಗಂಡು, ಪರದೆಯ ಕಡೆ ಕದ್ದು ಕದ್ದು ನೋಡುತ್ತಿದ್ದಾಳೆ, ನಗುವುದಕ್ಕೆ ಇಲ್ಲಿ ಏನಿದೆ ಅನ್ನುವ ಹಾಗೆ, ನಾನು ಆಗಲೇ ಜಾಗ ಬಿಡು ಅನ್ನುವುದನ್ನು ಒತ್ತಿದ್ದೆ, ಗೆರೆ ಏರುತ್ತಾ ಬಂದು ನಿಂತು, ಬೆಳ್ಳಗೆ ಒಂದಿಷ್ಟು ಬಯಲು, ಆಚೆ ದಡದಲ್ಲಿ ಮತ್ತೆ ಶುರು — ಅಕ್ಕಾ, ಇಲ್ಯಾಕೆ ಕಡಿದ್ಹೋಗಿದೆ — ಅಲ್ಲಿ ಮೆಷಿನ್ ಹಾಕಿದ್ರಮ್ಮ, ಎತ್ತಿ ತೂಗೋಕಾಗ್ಲಿಲ್ಲ — ಮಗು — ಇದ್ಳು, ಅಲ್ಲೂ ಇದ್ಳು, ಅವ್ರಪ್ಪನ ಹತ್ರ ಕಾರ್ ಓಡಿಸೋದು ಕಲೀತಿದ್ಳು, ಅಂದೆ, ಇವರು ಛಾವಣಿ ನೋಡಿದರು, ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ಮೂಗೆಳೆದುಕೊಂಡು ನಕ್ಕಳು, ಆಮೇಲೆ ಮೆಲ್ಲಗೆ, ನಂ ಮಗಂದೂ ಇವತ್ತು ತೂಗಿಲ್ಲಕ್ಕ, ಬರೆದಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಬೆಳಗ್ಗಿಂದ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ — ಬೆರಳು ತಂದು ಪರದೆಯ ಮೇಲಿಟ್ಟಳು, ಈಚೆಯ ಚುಕ್ಕೆಯಿಂದ ಆ ಬಿಳಿ ಬಯಲು ದಾಟಿಸಿ ಆಚೆಯ ಚುಕ್ಕೆಗೆ, ಹೊಂಡ ದಾಟುವ ಮಗುವಿನಂತೆ ಒಂದು ಸಲ, ಮತ್ತೊಂದು ಸಲ, ಅಷ್ಟೇನಾ ಅಂದಳು, ಅಷ್ಟೇ ಕಣಮ್ಮ, ಅಂದೆ, ಸೇರಿಸುವ ಮಾತೇ ಇಲ್ಲ ಇನ್ನು, ಮ್ಯಾನೇಜರು ಬಂದು ನಿಂತರೂ ಇಲ್ಲ, ಇದು ಹೀಗೇ ಗೋಡೆಗೆ ಹೋಗುತ್ತದೆ, ಹಲ್ಲು ಬಿದ್ದ ಬಾಯಿ ತಾನೆ, ನಗುವಾಗ ಅದೇ ಚೆಂದ.

ಎದ್ದಿದ್ದಾಳಮ್ಮಾ, ಬನ್ನಿ, ಅಂತ ಒಳಗಿನಿಂದ ದೊಡ್ಡ ಸಿಸ್ಟರ್, ಲ್ಯಾಪ್‌ಟಾಪು ಯಾರ ಕೈಗೆ ಕೊಟ್ಟೆನೋ, ಆ ಹುಡುಗಿಯ ಕೈಗೆ ಇರಬೇಕು, ಕೈ ತೊಳೆ, ಸೋಪು, ಇನ್ನೊಮ್ಮೆ ತೊಳೆ, ಡಾಕ್ಟರು ಆಗಲೇ ನಿಂತಿದ್ದಾರೆ, ತಕ್ಕಡಿ ಅಂದರೆ ಬಿಳಿ ತಟ್ಟೆ, ಕೆಂಪು ಅಂಕಿ, ಅವಳನ್ನು ಮಲಗಿಸಿದರು, ಬರೀ ಮೈಗೆ ತಣ್ಣಗಾಗಿ ಒಂದು ಕ್ಷಣ ಯೋಚಿಸಿದಳು, ಯೋಚಿಸಿ ಒದ್ದಳು, ಅಂಕಿ ಹುಚ್ಚೆದ್ದು ಓಡಿತು, ಎರಡು ದಾಟಿತು, ಇಳಿಯಿತು, ಅಯ್ಯೋ ಇಳಿಯಿತು, ಮತ್ತೆ ಏರಿತು, ಒಂದ್ನಿಮಿಷ ಸುಮ್ನಿರೇ ತಾಯಿ ಅನ್ನುತ್ತಾರೆ ಸಿಸ್ಟರ್, ಇವಳು ಯಾರ ಮಾತು ಕೇಳಿದ್ದಾಳೆ, ಇವರು ನನ್ನ ಭುಜ ಒತ್ತುತ್ತಿದ್ದಾರೆ, ನೋವಾಗುತ್ತಿದೆ, ಆಗಲಿ, ಡಾಕ್ಟರು ಅಂಗೈಯನ್ನು ಅವಳ ಹೊಟ್ಟೆಯ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದರು, ನೆರಳು ಬಿತ್ತು, ಆಕಳಿಸಿದಳು, ಕಾಲು ನಿಂತಿತು, ಅಂಕಿ ನಿಂತಿತು, ಎರಡು ಕಿಲೋ, ಅದರ ಮೇಲೊಂದಿಷ್ಟು — ಕರ್ಕೊಂಡ್ಹೋಗಿ, ಅಂದರು ಡಾಕ್ಟರು, ಅಷ್ಟೇ, ತರಕಾರಿಯವನು ಚೀಲ ಕೊಟ್ಟ ಹಾಗೆ, ಇವರು ಅಳುತ್ತಿದ್ದಾರೋ ನಗುತ್ತಿದ್ದಾರೋ, ಸಿಸ್ಟರ್ ಬಟ್ಟೆ ಸುತ್ತುತ್ತಿದ್ದಾರೆ, ಸುತ್ತಿದ್ದೇ ತಡ ಸಂದಿಯಿಂದ ಒಂದು ಹಿಮ್ಮಡಿ ಆಚೆ, ಬಟಾಣಿಯಷ್ಟು, ಕೆಂಪಗೆ, ಇಷ್ಟು ದಿನ ಅದನ್ನು ಗಾಜಿನ ಆಚೆಯಿಂದಲೇ ನೋಡಿದ್ದು, ಸಿಸ್ಟರ್ ಒಳಗೆ ತುರುಕಿದರು, ಮತ್ತೆ ಆಚೆ, ಚೀಲ ತಗೊಳ್ಳೇ, ಬಾಗಿಲು ತೆಗೀತೀನಿ, ಕಾರು ತರ್ತೀನಿ, ಅನ್ನುತ್ತಿದ್ದಾರೆ ಇವರು, ಕೇಳಿಸುತ್ತಿದೆ, ಹೊರಡಬೇಕು, ಬಟ್ಟೆ ಮಡಚಬೇಕು, ಆದರೆ ಆ ಹಿಮ್ಮಡಿ, ಒಳಗೆ, ಆಚೆ, ನನ್ನ ಹೆಬ್ಬೆರಳನ್ನು ತಾಕಿ ಒದೆಯಿತು, ಬಿಸಿ, ಎಷ್ಟು ಬಿಸಿ, ಆ ಹಿಮ್ಮಡಿ, ಒಳಗೆ, ಆಚೆ, ಆ ಹಿಮ್ಮಡಿ —